ಮನೆಗೂ ಪ್ರವಾಸಕ್ಕೂ ಫ್ರೆಂಚ್ ಪ್ರೆಸ್ ಕಾಫಿ

ಫ್ರೆಂಚ್ ಪ್ರೆಸ್ಸಿನ ಕಾಫಿಯು ಬಗ್ಗಡವಾಗಿಯೂ ಕಹಿಯಾಗಿಯೂ ಇರುವುದೆಂದು ಕೆಲವು ಸೋದರಿಯರು ದೂರುವುದುಂಟು. ನಮ್ಮ ಮತದಲ್ಲಿ ದೋಷವು ಪಾತ್ರೆಯದಲ್ಲ, ಪುಡಿಯದು. 1852ರಲ್ಲಿ ಪ್ಯಾರಿಸಿನ ಮೇಯರ್ ಮತ್ತು ಡೆಲ್ಫೋರ್ಜ್ ಎಂಬವರು ಪೇಟೆಂಟು ಪಡೆದ ಈ ಬಗೆಯ ಪಾತ್ರೆಯಲ್ಲಿ ಪುಡಿಯು ನೀರಿನಲ್ಲಿ ಮುಳುಗಿಯೇ ನೆನೆಯುವುದು. ಆದುದರಿಂದ ಫಿಲ್ಟರಿಗೆಂದು ನುಣ್ಣಗೆ ಬೀಸಿ ಚಿಕೋರಿ ಬೆರೆಸಿದ ಪುಡಿಯು ಇದಕ್ಕೆ ಸಲ್ಲದು; ಚಿಕೋರಿಯಿಲ್ಲದೆ, ಇಡ್ಲಿರವೆಯಂತೆ ತರಿಯಾಗಿ ಬೀಸಿಸತಕ್ಕದ್ದು.

ಅರ್ಧ ಲೀಟರು ನೀರಿಗೆ 30 ಗ್ರಾಂ ಪುಡಿ ಸಾಕು. ಕುದಿದ ನೀರನ್ನು ಒಲೆಯಿಂದಿಳಿಸಿ, ಅರ್ಧ ನಿಮಿಷ ಬಿಟ್ಟು ಪುಡಿಯ ಮೇಲೆ ಹೊಯ್ದು, ಒಮ್ಮೆ ಕಲಕಿ ಮುಚ್ಚಿಡಬೇಕು. 4 ನಿಮಿಷಗಳಾದ ಮೇಲೆ ಹಿಡಿಯನ್ನು ಮೆಲ್ಲಗೆ ಒತ್ತಿ, ಕೂಡಲೇ ಎಲ್ಲವನ್ನೂ ಬಗ್ಗಿಸಿಕೊಳ್ಳಬೇಕು; ಚರಟದ ಮೇಲೆ ನಿಂತಷ್ಟೂ ಕಹಿಯೇರುವುದು.

ಪ್ರವಾಸಕ್ಕೆ ಗಾಜಿನದಕ್ಕಿಂತ ಉಕ್ಕಿನ ಪಾತ್ರೆಯೇ ಲೇಸು. ಪುಡಿಯನ್ನು ಹೊತ್ತಿಗೊಂದರಂತೆ ತೂಗಿ ಪೊಟ್ಟಣ ಕಟ್ಟಿಕೊಂಡರೆ, ಬಿಸಿನೀರು ದೊರೆತಲ್ಲೆಲ್ಲ ಕಾಫಿ ಸಿದ್ಧ.

ಒಂದು ಎಚ್ಚರಿಕೆ: ತಂತಿಯ ಜಾಲರಿಯು ಕಾಗದದ ಸೋಸುಕದಂತೆ ಕಾಫಿಯ ಎಣ್ಣೆಯಂಶವನ್ನು ತಡೆಯಲಾರದು. ಆ ಅಂಶವು ರಕ್ತದ ಕೊಲೆಸ್ಟರಾಲನ್ನು ಏರಿಸುವುದರಿಂದ, ಅದು ಮೊದಲೇ ಹೆಚ್ಚಾಗಿರುವ ಹಿರಿಯರಿಗೆ ನಿತ್ಯವೂ ಇದನ್ನು ಕೊಡದೆ, ಕಾಗದದಲ್ಲಿ ಸೋಸಿದ ಕಾಫಿಯನ್ನೇ ಕೊಡುವುದು ಕ್ಷೇಮವು.