ಒಂದು ಗೇಣು ಎತ್ತರಕ್ಕೆ ತೆತ್ತ ಬೆಲೆ

ಪುತ್ತೂರು, ಸುಳ್ಯ, ಕಡಬ ಈ ಮೂರರಲ್ಲಿ ಯಾವ ಪೇಟೆಯಲ್ಲಾದರೂ ಹತ್ತು ನಿಮಿಷ ನಿಂತು ನೋಡಿರಿ. ಜೀಪಿನಂತೆ ಎತ್ತರವಾಗಿಯೂ ಉದ್ದದಲ್ಲಿ ಗಿಡ್ಡವಾಗಿಯೂ ಇರುವ ಕಾರುಗಳು ಒಂದರ ಹಿಂದೊಂದು ಹೋಗುವುದು ಕಾಣುತ್ತದೆ. ಕಂಪೆನಿಯವರು ಇದಕ್ಕೆ ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಹೆಸರಿಟ್ಟಿದ್ದಾರೆ. ಜೀನಸು ಅಂಗಡಿಯವರು, ಅಡಕೆ ಬೆಳೆಗಾರರು, ಶಾಲಾ ಮಾಸ್ತರರು ಸಾಲ ಮಾಡಿ ಇದನ್ನು ಕೊಂಡಿದ್ದಾರೆ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸಂಗಾತಿಗಳು ಇದನ್ನು ಕಂಡು ಶ್ರೀಮಂತರ ಶೋಕಿ ಎನ್ನುವುದುಂಟು. ಶೋಕಿ ಇಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಕೊಂಡವರ ಅನುಭವವನ್ನು ಕುಳಿತು ಕೇಳಿದರೆ ಬೇರೊಂದು ಲೆಕ್ಕ ಹೊರಬೀಳುತ್ತದೆ. ಅದನ್ನು ವಾಚಕರ ಮುಂದೆ ಇಡಬೇಕೆಂದು ಈ ಮಾತು.

ಈ ಗಾಡಿಯ ಗಾತ್ರವನ್ನು ಗೊತ್ತುಮಾಡಿದ್ದು ನಮ್ಮ ರಸ್ತೆಯಲ್ಲ, ದಿಲ್ಲಿಯ ತೆರಿಗೆ. ನಾಲ್ಕು ಮೀಟರ್ ಉದ್ದ ಮೀರದ, 1200 ಸಿ.ಸಿ. ಒಳಗಿನ ಪೆಟ್ರೋಲ್ ಅಥವಾ 1500 ಸಿ.ಸಿ. ಒಳಗಿನ ಡೀಸೆಲ್ ಎಂಜಿನಿನ ಕಾರುಗಳಿಗೆ 2006ರ ಕೇಂದ್ರ ಮುಂಗಡಪತ್ರದಲ್ಲಿ ಸುಂಕದ ರಿಯಾಯಿತಿ ದೊರೆಯಿತು. ಆ ಮೇಲೆ ಕಂಪೆನಿಗಳು ಎತ್ತರದ ಗಾಡಿಯನ್ನೂ ನಾಲ್ಕು ಮೀಟರಿನೊಳಗೆ ಅಡಕಿದವು. 2013ರಲ್ಲಿ ಇಕೋಸ್ಪೋರ್ಟ್, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್ ಬಂದವು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಇವುಗಳ ಅಡಿಭಾಗಕ್ಕೂ ನೆಲಕ್ಕೂ ನಡುವೆ ಸುಮಾರು 200 ಮಿಲಿಮೀಟರ್ ತೆರಪು. ನಮ್ಮ ಮಾತಿನಲ್ಲಿ ಹೆಚ್ಚುಕಡಿಮೆ ಒಂದು ಗೇಣು. ನಮ್ಮವರು ಹಣ ಸುರಿಯುವುದು ಈ ಗೇಣಿಗೇ.

ಯಾತಕ್ಕೆಂದು ಸುಳ್ಯದ ಕಡೆಯ ಒಬ್ಬ ಜೀನಸು ವ್ಯಾಪಾರಿಯನ್ನು ಕೇಳಿದೆ. "ಮೊದಲಿದ್ದ ಸಣ್ಣ ಕಾರಿನ ಅಡಿ ನಮ್ಮ ರಸ್ತೆಯ ಕಲ್ಲಿಗೆ ತಾಗಿ ಎರಡು ಸಲ ಎಂಜಿನ್ ಎಣ್ಣೆಯೆಲ್ಲ ಚೆಲ್ಲಿತು. ಇದರದ್ದು ತಾಗುವುದಿಲ್ಲ, ಅಷ್ಟೇ ಸುಖ" ಎಂದರು. ಹಿಂದಿನ ಸೀಟು ಮಡಚಿ ಅಕ್ಕಿ ಮೂಟೆ ಹೇರಬಹುದು. ಆದರೆ ಮೂಟೆ ಹೇರಿ ಮನೆಯ ಚಡಾವು ಹತ್ತುವಾಗ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ. ಹಾಸನದ ಬಯಲಿನಲ್ಲಿ ಲೀಟರಿಗೆ 18 ಕಿಲೋಮೀಟರ್ ಓಡಿದ ಗಾಡಿ ಇಲ್ಲಿನ ಏರುತಗ್ಗಿನಲ್ಲಿ 12 ದಾಟುವುದಿಲ್ಲ. ಆಟಿ ತಿಂಗಳಲ್ಲಿ ನಾಲ್ಕು ದಿನ ನಿಲ್ಲಿಸಿದರೆ ಬೆಚ್ಚಗಿನ ಎಂಜಿನಿನೊಳಗೆ ಇಲಿ ಸೇರಿ ವಯರು ಕಡಿಯುತ್ತದೆ. ರಿಪೇರಿಗೆ ಪೇಟೆಗೆ ಒಯ್ದರೆ ಒಂದು ದಿನ ಅಂಗಡಿಗೆ ಬೀಗ.

ಕಡಬದ ಕಡೆಯ ಒಬ್ಬ ಅಡಕೆ ಬೆಳೆಗಾರರು ಹೇಳಿದ್ದು ಇನ್ನೊಂದು ಬಗೆ. ರಾತ್ರಿ ಯಾರಿಗೆ ಎದೆನೋವು ಬಂದರೂ, ಯಾರ ಮನೆಯಲ್ಲಿ ಹೆರಿಗೆ ನೋವು ಸುರುವಾದರೂ ಬಾಗಿಲು ಬಡಿಯುವುದು ಅವರ ಮನೆಯದೇ. "ಗಾಡಿ ನನ್ನ ಹೆಸರಿನಲ್ಲಿದೆ, ಊರಿಗೆಲ್ಲ ಅದೇ ಆಂಬುಲೆನ್ಸು" ಎಂದು ಅವರು ಬೇಸರವಿಲ್ಲದೆಯೇ ಹೇಳಿದರು. ಅವರ ಒಳ್ಳೆಯತನಕ್ಕೆ ನಮಸ್ಕಾರ. ಆದರೆ ಒಂದು ಊರಿನ ಜೀವ ಒಬ್ಬನ ಒಳ್ಳೆಯತನವನ್ನೂ ಅವನ ಟಾಂಕಿಯಲ್ಲಿರುವ ಎಣ್ಣೆಯನ್ನೂ ನಂಬಿಕೊಂಡಿರುವುದು ಸರಿಯೆ?

ಇನ್ನು ಹಣದ ಲೆಕ್ಕ. ಷೋರೂಮಿನಲ್ಲಿ 9 ಲಕ್ಷ ಬೆಲೆಯ ಒಂದು ಗಾಡಿಯೆಂದು ಹಿಡಿಯಿರಿ. ಇದರೊಳಗೆ ಶೇಕಡಾ 18ರ ಜಿ.ಎಸ್.ಟಿ. ಸುಮಾರು 1 ಲಕ್ಷ 37 ಸಾವಿರ. ಅದರ ಮೇಲೆ ಕರ್ನಾಟಕ ಸರಕಾರದ ಜೀವಾವಧಿ ರಸ್ತೆ ತೆರಿಗೆ ಶೇಕಡಾ 14, ಅಂದರೆ 1 ಲಕ್ಷ 26 ಸಾವಿರ. ಎರಡೂ ಸೇರಿ ಎರಡೂವರೆ ಲಕ್ಷ ದಾಟಿತು. ಎಂಟು ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ ಏಳು ವರುಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 12,900 ರೂಪಾಯಿ. ಬಡ್ಡಿಯೊಂದೇ 2 ಲಕ್ಷ 80 ಸಾವಿರ ಮೀರುತ್ತದೆ. ಕೊಳೆರೋಗ ಬಂದು ಅಡಕೆ ಉದುರಿದ ವರುಷವೂ ಕಂತು ನಿಲ್ಲುವುದಿಲ್ಲ. ಹೀಗೆ ರಸ್ತೆಯ ಹೆಸರಿನಲ್ಲಿ ತೆರಿಗೆ ಕೊಟ್ಟವನೇ ರಸ್ತೆ ಕೆಟ್ಟಿದೆಯೆಂದು ಒಂದು ಗೇಣು ಎತ್ತರವನ್ನು ಸಾಲ ಮಾಡಿ ಕೊಳ್ಳುತ್ತಾನೆ. ಒಂದೇ ರಸ್ತೆಗೆ ಅವನು ಎರಡು ಸಲ ಹಣ ತೆತ್ತಂತಾಯಿತು.

ಸಂಗಾತಿಗಳೇ, ಎತ್ತರ ಎಲ್ಲಿರಬೇಕೆಂಬುದನ್ನು ಹೊಸಮಠ ನಮಗೆ ಕಲಿಸಿದೆ. ಉಪ್ಪಿನಂಗಡಿ–ಕಡಬ ರಸ್ತೆಯ ಆ ಹಳೆಯ ಮುಳುಗು ಸೇತುವೆ ಮಳೆಗಾಲ ಬಂತೆಂದರೆ ನೀರಡಿಯಾಗುತ್ತಿತ್ತು. ಆಗ ಎತ್ತರದ ಗಾಡಿ, ತಗ್ಗಿನ ಗಾಡಿ, ಬಸ್ಸು, ಬೈಕು ಎಲ್ಲವೂ ದಡದಲ್ಲಿ ನಿಂತವು. ಸಾರ್ವಜನಿಕ ಹಣದಿಂದ ಎತ್ತರದ ಸೇತುವೆ ಆದ ಮೇಲೆ ನಡೆದು ಹೋಗುವ ಕೂಲಿಯಾಳೂ ದಾಟುತ್ತಾನೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆ ಕಡಿದಾಗಲೂ ಯಾರ ಗೇಣೂ ಉಪಯೋಗಕ್ಕೆ ಬರಲಿಲ್ಲ.

ಹಿಂದೆ ನಮ್ಮ ಒಳಪ್ರದೇಶಗಳಲ್ಲಿ ಸರ್ವಿಸ್ ಜೀಪುಗಳಿದ್ದುವು. ಒಂದೊಂದರಲ್ಲಿ ಹದಿನೈದು ಮಂದಿ ನೇತಾಡಿಕೊಂಡು ಹೋಗುತ್ತಿದ್ದೆವು. ಅದು ಸುಖದ ಪ್ರಯಾಣವಲ್ಲ, ಅಪಾಯವೇ ಹೌದು. ಆದರೂ ಆ ಗಾಡಿ ಎಲ್ಲರದಾಗಿತ್ತು. ಈಗ ಅದೇ ರಸ್ತೆಯಲ್ಲಿ ಐದು ಸೀಟಿನ ಗಾಡಿಯಲ್ಲಿ ಒಬ್ಬನೇ ಕುಳಿತು ಹೋಗುತ್ತಾನೆ. ರಸ್ತೆಬದಿಯಲ್ಲಿ ಕಾರ್ಖಾನೆ ಬಿಟ್ಟ ಹೆಂಗಸರು ಸಂಜೆಯ ಬಸ್ಸಿಗಾಗಿ ಕೊಡೆ ಹಿಡಿದು ಕಾಯುತ್ತಾರೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೇಟು ಉಚಿತ. ಒಳ್ಳೆಯದೇ ಆಯಿತು. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೇಟನ್ನು ಹಿಡಿದು ಎಲ್ಲಿಗೆ ಹೋಗುವುದು?

ಸಣ್ಣ ವ್ಯಾಪಾರಿಗಳೂ ಇದನ್ನು ಯೋಚಿಸಬೇಕು. ನಿಮ್ಮ ಅಂಗಡಿಗೆ ಗಿರಾಕಿಯನ್ನು ತಂದು ಇಳಿಸಿದ್ದು ಬಸ್ಸು. ಟ್ರಿಪ್ಪು ಕಡಿಮೆಯಾದ ಕಡೆ ನಿಲ್ದಾಣದ ಅಂಗಡಿ, ಹೋಟೆಲು, ಕ್ಷೌರದಂಗಡಿ ಒಣಗುತ್ತವೆ. ಕಾರುಳ್ಳವನು ನಿಮ್ಮ ಬಾಗಿಲು ದಾಟಿ ಮಂಗಳೂರಿಗೇ ಹೋಗುತ್ತಾನೆ. ಆದುದರಿಂದ ಬಸ್ಸಿಗಾಗಿ ಕಾಯುವವಳ ತಂಟೆ ಬೇರೆ, ಕಂತು ಕಟ್ಟುವವನ ತಂಟೆ ಬೇರೆ ಎಂದು ತಿಳಿಯುವುದು ತಪ್ಪು.

ಕಾರು ಕೊಂಡವನು ನಮ್ಮ ಶತ್ರುವಲ್ಲ. ಅವನು ಮಾರಿಬಿಡಲಿ ಎಂದೂ ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟು: ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ರಸ್ತೆಯ ಚರಂಡಿ ತೆರೆಯಬೇಕು, ಏಕೆಂದರೆ ಡಾಮರನ್ನು ತಿನ್ನುವುದು ಬಿದ್ದ ಮಳೆಗಿಂತ ಹೆಚ್ಚಾಗಿ ಹರಿಯದೆ ನಿಂತ ನೀರು. ಕಾರ್ಖಾನೆ ಬಿಡುವ ಹೊತ್ತಿಗೆ ಒಳರಸ್ತೆಗಳಿಗೆ ಬಸ್ಸು ಹೊರಡಬೇಕು. ರಾತ್ರಿ ಕರೆದರೆ ಬರುವ ಆಂಬುಲೆನ್ಸು ಹತ್ತಿರದಲ್ಲೇ ಇರಬೇಕು.

ಮುಂದಿನ ಗ್ರಾಮಸಭೆಗೆ ಕಾರಿನ ಒಡೆಯರೂ ಬರಲಿ. ತೆತ್ತ ತೆರಿಗೆಯ ರಶೀದಿಯನ್ನು ಕಿಸೆಯಲ್ಲಿಟ್ಟುಕೊಂಡು ಬರಲಿ. ಬರುವಾಗ ಖಾಲಿ ಇರುವ ನಾಲ್ಕು ಸೀಟುಗಳಲ್ಲಿ ನಿಲ್ದಾಣದಲ್ಲಿ ಕಾಯುವ ನಾಲ್ವರನ್ನು ಕುಳ್ಳಿರಿಸಿಕೊಂಡು ಬರಲಿ.