ಮೂಲೆಯ ಡಬ್ಬಿಗೆ ಎಷ್ಟು ಕೆಲಸ ಕೊಡಬೇಕು?

“ಹೋಂ ಥಿಯೇಟರ್ ತಂದು ಎರಡು ತಿಂಗಳಾಯಿತು ಸಾರ್. ಸಿನಿಮಾ ಹಾಕಿದರೆ ಮನೆಯೇ ನಡುಗುತ್ತದೆ, ಆದರೆ ಹೀರೋ ಏನು ಮಾತಾಡಿದ ಅಂತ ಮಾತ್ರ ಗೊತ್ತಾಗೋಲ್ಲ.” ಅರಸೀಕೆರೆಯಿಂದ ಬೇಲೂರಿನವರೆಗೆ ಪೋಷಕರು ಹೇಳುವ ದೂರು ಹೆಚ್ಚುಕಡಿಮೆ ಇದೇ. ಅದರ ಬಾಲಕ್ಕೆ ಇನ್ನೊಂದು ಮಾತು ಇದ್ದೇ ಇರುತ್ತದೆ: “ಅಂಗಡಿಯವನು ಇನ್ನೂ ದೊಡ್ಡ ಸೆಟ್ ತಗೊಳ್ಳಿ ಅಂತಾನೆ.” ದಯವಿಟ್ಟು ಕೊಳ್ಳಬೇಡಿ. ಒಂಬತ್ತನೇ ತರಗತಿಯ ಪುಸ್ತಕದಲ್ಲಿರುವ ಒಂದು ಸೂತ್ರ, ದರ್ಜಿಯ ಟೇಪು, ಒಂದು ಭಾನುವಾರದ ಮಧ್ಯಾಹ್ನ, ಇಷ್ಟಿದ್ದರೆ ಮನೆಯಲ್ಲಿರುವ ಸೆಟ್ಟೇ ಬಹುಪಾಲು ಸರಿಹೋಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಅವರಿಂದಲೇ ಮಾಡಿಸಿ.

ಸೂತ್ರ ನಿಮಗೆ ಗೊತ್ತಿರುವುದೇ. ಶಬ್ದದ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ನಮ್ಮ ಕಡೆಯ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದಿಟ್ಟುಕೊಳ್ಳಿ. ಗೆಜ್ಜೆಯ ಝಲ್ ಎನ್ನುವ ದನಿಯಲ್ಲಿರುವಂಥ 3000 ಹರ್ಟ್ಸ್‌ನ ಅಲೆ ಹನ್ನೊಂದೂವರೆ ಸೆಂಟಿಮೀಟರ್, ಅಂಗೈಯಷ್ಟು ಉದ್ದ. 80 ಹರ್ಟ್ಸ್‌ನದು 4.3 ಮೀಟರ್. 40 ಹರ್ಟ್ಸ್‌ನದು 8.6 ಮೀಟರ್. ಹತ್ತಡಿ ಹನ್ನೆರಡಡಿಯ ನಡುಮನೆಯೊಳಗೆ ಅಂಥ ಒಂದು ಅಲೆ ಪೂರ್ತಿ ಹಿಡಿಸುವುದೇ ಇಲ್ಲ! ಅಂಗೈಯಷ್ಟು ಅಲೆಗೂ ಮನೆಗಿಂತ ದೊಡ್ಡ ಅಲೆಗೂ ಒಂದೇ ಸ್ಪೀಕರ್ ಸಾಲದು ಎಂಬುದು ಇದರಿಂದಲೇ ಹೊಳೆಯಬೇಕು. ದಪ್ಪ ದನಿಗೆ ಅಗಲವಾದ ಶಂಕು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಸಣ್ಣ ದನಿಗೆ ಹಗುರವಾದ ಪುಟ್ಟ ತಗಡು ಚುರುಕಾಗಿ ನಡುಗಬೇಕು.

ಈ ಕೆಲಸ ಹಂಚಿಕೆ ಹೊಸದೇನೂ ಅಲ್ಲ. ಬೇಲೂರು, ಹಳೇಬೀಡುಗಳ ಗೋಡೆಯ ಮೇಲೆ ಚರ್ಮವಾದ್ಯ ಬಾರಿಸುವವರ ಶಿಲ್ಪಗಳಿವೆ. ಮುಂದಿನ ಸಲ ಶಾಲಾ ಪ್ರವಾಸ ಹೋದಾಗ ವಾದ್ಯಗಳನ್ನೂ ಸ್ವಲ್ಪ ನೋಡಿ. ಎರಡು ಮುಖ, ಎರಡು ಕೈ. ಇಂದಿನ ಮೃದಂಗದಲ್ಲಿ ಬಲ ಮುಖಕ್ಕೆ ಕಪ್ಪು ಕರಣೆ ಖಾಯಂ ಆಗಿರುತ್ತದೆ. ಎಡ ಮುಖಕ್ಕೆ ಕಚೇರಿಗೆ ಮುನ್ನ ರವೆಯ ಕಣಕ ಮೆತ್ತುತ್ತಾರೆ. ಭಾರ ಹೆಚ್ಚಿದಷ್ಟೂ ಚರ್ಮ ನಿಧಾನ ನಡುಗಿ ದನಿ ಇಳಿಯುತ್ತದೆ. ಬಲ ಮುಖದ ಕರಣೆಯಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದಂತೆ ಶ್ರುತಿಬದ್ಧವಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ. ವಿ. ರಾಮನ್ ತಮ್ಮ ಸಹೋದ್ಯೋಗಿಯೊಡನೆ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನೊಬೆಲ್ ಬಂದದ್ದು ಬೆಳಕಿಗೆ. ಆದರೆ ರಾಮನ್ನರ ಕಿವಿಯೂ ಸಾಮಾನ್ಯವಾದದ್ದಲ್ಲ. ವಿದ್ವಾಂಸರು ಕಣಕವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ, ತೆಗೆದು, ಎಡ ಬಲಗಳ ತೂಕ ಕೂಡುವವರೆಗೂ ಬಿಡುವುದಿಲ್ಲ. ನಾವು ಮನೆಯಲ್ಲಿ ಮಾಡಬೇಕಾದದ್ದೂ ಅದನ್ನೇ.

ಹೋಂ ಥಿಯೇಟರಿನಲ್ಲಿ ಆ ಹಂಚಿಕೆ ಮಾಡುವ ಗುಬುಟಿನ ಹೆಸರು ಕ್ರಾಸ್‌ಓವರ್. ಅದನ್ನು 80ಕ್ಕೆ ಇಟ್ಟರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ದನಿ ಮೂಲೆಯ ಸಬ್‌ವೂಫರಿಗೆ, ಮೇಲಿನದು ಉಳಿದ ಸ್ಪೀಕರುಗಳಿಗೆ. ಚಾಕುವಿನಲ್ಲಿ ಕತ್ತರಿಸಿದಂತಲ್ಲ, ಇಳಿಜಾರಿನಂತೆ. ಸಾಮಾನ್ಯವಾದ ಒಂದು ಏರ್ಪಾಟಿನಲ್ಲಿ ಒಂದು ಸ್ಥಾಯಿಗೆ 24 ಡೆಸಿಬೆಲ್ ಇಳಿಜಾರಿರುತ್ತದೆ. ಸಂಗೀತ ಕಲಿಯುವವರಿಗೆ ಗೊತ್ತು, ಒಂದು ಸ್ಥಾಯಿ ಏರಿದರೆ ಆವೃತ್ತಿ ಇಮ್ಮಡಿ. ಅಂದರೆ 160 ಹರ್ಟ್ಸ್ ತಲುಪುವಷ್ಟರಲ್ಲಿ ಸಬ್‌ವೂಫರಿಗೆ ಸಿಗುವ ಶಕ್ತಿ ಸುಮಾರು 250ರಲ್ಲಿ ಒಂದು ಪಾಲು.

80 ಏಕೆ? ಅಲೆ ನಮ್ಮ ತಲೆಗಿಂತ ಎಷ್ಟೋ ಪಾಲು ಉದ್ದವಾದ್ದರಿಂದ, ಮುಚ್ಚಿದ ಕೋಣೆಯಲ್ಲಿ ಅಷ್ಟು ದಪ್ಪ ದನಿ ಯಾವ ಕಡೆಯಿಂದ ಬಂತು ಎಂದು ಕಿವಿ ಹೇಳಲಾರದು. ಸಬ್‌ವೂಫರನ್ನು ಎಲ್ಲೋ ಮರೆಯಲ್ಲಿಟ್ಟರೂ ದನಿ ಪರದೆಯಿಂದಲೇ ಬಂದಂತೆ ಭಾಸವಾಗುತ್ತದೆ. ಗಂಡಸಿನ ಮಾತಿನ ಮೂಲ ಆವೃತ್ತಿ ಸಾಮಾನ್ಯವಾಗಿ 100ರ ಮೇಲಿದೆ. ಗುಬುಟನ್ನು 200ಕ್ಕೆ ತಿರುಗಿಸಿ ನೋಡಿ: ವಾರ್ತೆ ಓದುವವರು ಟಿ.ವಿ. ಬಿಟ್ಟು ಮೂಲೆಗೆ ಹೋಗಿ ಕೂರುತ್ತಾರೆ! ನಿಮ್ಮ ದೂರಿನ ಅರ್ಧ ಇಲ್ಲಿದೆ. ಹಾಗೆಂದು ಎಲ್ಲರಿಗೂ 80 ಎಂದು ಹೇಳಲಾರೆ. ಮೂರಂಗುಲದ ಪುಟ್ಟ ಸ್ಪೀಕರುಗಳು 80ರವರೆಗೆ ಇಳಿಯಲಾರವು. ಅವುಗಳಿಗೆ 120, ಕೆಲವೊಮ್ಮೆ 150 ಬೇಕಾದೀತು. ಹಾಗಿದ್ದರೆ ಸಬ್‌ವೂಫರನ್ನು ಟಿ.ವಿ.ಯ ಹತ್ತಿರವೇ ಇಡಿ.

ಇನ್ನೊಂದು ತೊಡಕು ಬಹಳ ಮನೆಗಳಲ್ಲಿದೆ. ಆಂಪ್ಲಿಫಯರಿನಲ್ಲೂ ಕ್ರಾಸ್‌ಓವರ್, ಸಬ್‌ವೂಫರಿನ ಬೆನ್ನಿನಲ್ಲೂ ಕ್ರಾಸ್‌ಓವರ್! ಎರಡೂ ಕೆಲಸ ಮಾಡಿದರೆ ಒಂದೇ ದನಿಗೆ ಎರಡು ಸಲ ಕತ್ತರಿ ಬಿದ್ದು ಸಂಧಿಯಲ್ಲಿ ಹಳ್ಳ ಬೀಳುತ್ತದೆ. ಆಂಪ್ಲಿಫಯರಿನದನ್ನು ಇಟ್ಟುಕೊಂಡು ಬೆನ್ನಿನದನ್ನು ಗರಿಷ್ಠಕ್ಕೆ ತಿರುಗಿಸಿ.

ಈಗ ಜಾಗದ ವಿಚಾರ. ನನ್ನ ಪ್ರಕಾರ ಇದೇ ಮುಖ್ಯ. ಹಳೆಯ ಹಂಚಿನ ಮನೆಗಳಲ್ಲಿ ಸಂದಿಗಳಿಂದ ದಪ್ಪ ದನಿ ಹೊರಗೆ ಹರಿದುಹೋಗುತ್ತಿತ್ತು. ಆರ್‌ಸಿಸಿ ಮನೆ ಹಾಗಲ್ಲ, ಆರೂ ಕಡೆ ಗಟ್ಟಿ. ಎದುರುಬದುರಿನ ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹೊಂದಿಕೊಂಡರೆ ಆ ಒಂದು ಸ್ವರ ಊದಿಕೊಳ್ಳುತ್ತದೆ. ಹತ್ತಡಿ, ಅಂದರೆ 3 ಮೀಟರ್ ಅಗಲಕ್ಕೆ ಅದು 57 ಹರ್ಟ್ಸ್ ಆಸುಪಾಸು. ಹನ್ನೆರಡಡಿಗೆ 47ರ ಸುಮಾರು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಾದರೆ ಮೂರು ಊತವೂ ಒಂದೇ ಕಡೆ ಕೂಡಿಬೀಳುತ್ತವೆ. ಅಂಥ ಕೋಣೆಯನ್ನು ಓದುವುದಕ್ಕೆ ಬಿಟ್ಟುಕೊಡಿ, ಸಿನಿಮಾಕ್ಕೆ ಬೇಡ. ಜಮಖಾನ, ಪರದೆ ಹಾಕಿದರೆ ಸಣ್ಣ ದನಿಯ ಪ್ರತಿಫಲನ ತಗ್ಗೀತೇ ಹೊರತು ನಾಲ್ಕು ಮೀಟರಿನ ಅಲೆಗೆ ಅವು ಲೆಕ್ಕಕ್ಕಿಲ್ಲ.

ಗೋಡೆಯ ಮಗ್ಗುಲಲ್ಲಿ ಊತ, ಕೋಣೆಯ ನಟ್ಟನಡುವೆ ಹಳ್ಳ. ಆದ್ದರಿಂದ ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಿ ಹಾಕಬೇಡಿ, ಸರಿಯಾಗಿ ಮಧ್ಯಕ್ಕೂ ಬೇಡ. ಸಬ್‌ವೂಫರಿನ ಜಾಗ ಹುಡುಕಲು ಮಕ್ಕಳಿಗೆ ಖುಷಿ ಕೊಡುವ ಒಂದು ಉಪಾಯವಿದೆ. ಅದನ್ನೇ ಎತ್ತಿ ನೀವು ಕೂರುವ ಕುರ್ಚಿಯ ಮೇಲಿಡಿ. ದಪ್ಪ ದನಿ ಚೆನ್ನಾಗಿರುವ ಒಂದು ಹಾಡು ಹಾಕಿ. ಮಗು ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಸಾಗಲಿ. ಎಲ್ಲಿ ಸ್ವರಗಳೆಲ್ಲ ಸಮವಾಗಿ, ಯಾವುದೂ ಗುಂಯ್ ಎನ್ನದೆ ಕೇಳುತ್ತವೋ ಅಲ್ಲಿಗೆ ಸಬ್‌ವೂಫರನ್ನು ತಂದಿಡಿ. ಕೊಡುವವನೂ ಕೇಳುವವನೂ ಜಾಗ ಬದಲಿಸಿಕೊಂಡರೂ ಶಬ್ದದ ದಾರಿ ಬದಲಾಗುವುದಿಲ್ಲ. ಇದು ಭೌತಶಾಸ್ತ್ರದ ಒಂದು ನಿಯಮವೇ. ಆಮೇಲೆ ಫೇಸ್ ಎಂಬ ಗುಂಡಿಯನ್ನು 0ಯಿಂದ 180ಕ್ಕೆ ಒಮ್ಮೆ ತಳ್ಳಿ, ಯಾವುದರಲ್ಲಿ ಸಂಧಿಯ ದನಿ ತುಂಬಿ ಬರುತ್ತದೋ ಅದನ್ನು ಉಳಿಸಿ. ಎರಡು ಅಲೆ ಕೂಡುವುದೂ ಕಳೆಯುವುದೂ ಪಿಯುಸಿಯವರಿಗೆ ಪಾಠವೇ ಇದೆ.

ಡಬ್ಬಿಯ ಮೇಲೆ ‘5000 ವ್ಯಾಟ್ ಪಿಎಂಪಿಒ’ ಎಂದು ಬರೆದಿರುವುದನ್ನು ಕಂಡು ಮರುಳಾಗಬೇಡಿ. ಹಿಂಬದಿಯ ಪಟ್ಟಿಯಲ್ಲಿ ಅದು ಎಳೆದುಕೊಳ್ಳುವ ವಿದ್ಯುತ್ 60 ವ್ಯಾಟ್ ಎಂದಿದ್ದರೆ, ಒಂದೇ ಸಮನೆ 60ಕ್ಕಿಂತ ಹೆಚ್ಚು ಹೊರಬರುವುದು ಹೇಗೆ? ಶಕ್ತಿ ಸಂರಕ್ಷಣಾ ನಿಯಮ ಅಂಗಡಿಗೂ ಅನ್ವಯಿಸುತ್ತದೆ. ಹಾಗೆಯೇ 5.1 ಎಂಬುದರ .1 ದಶಮಾಂಶವೂ ಅಲ್ಲ, ಹೊಸ ಆವೃತ್ತಿಯ ಸಂಖ್ಯೆಯೂ ಅಲ್ಲ. ಐದು ಪೂರ್ಣ ವಾಹಿನಿಗಳ ಜೊತೆಗೆ 120 ಹರ್ಟ್ಸ್‌ವರೆಗಿನ ದಪ್ಪ ದನಿಗೆಂದೇ ಇರುವ ಒಂದು ಇಕ್ಕಟ್ಟಾದ ವಾಹಿನಿ, ಅಷ್ಟೆ.

ಇಷ್ಟೆಲ್ಲ ಆದರೂ ಪಕ್ಕದ ಮನೆ ಇದ್ದೇ ಇದೆ. ಜಾತ್ರೆಯಲ್ಲಿ ದೂರದಿಂದ ಡೊಳ್ಳು ಕೇಳುತ್ತದೆ, ತಾಳ ಕೇಳುವುದಿಲ್ಲ. ಸಣ್ಣ ದನಿಯನ್ನು ಗಾಳಿಯೂ ಗೋಡೆಯೂ ಹೆಚ್ಚು ನುಂಗುತ್ತವೆ, ದಪ್ಪ ದನಿ ಅಡ್ಡಿಗಳನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಸಿನಿಮಾ, ಆಚೆ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುವ ಹುಡುಗಿಗೆ ಬರೀ ಗುಂ ಗುಂ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಮೊಬೈಲಿನಲ್ಲಿ ಅಳೆದು “ನಮ್ಮದು ಕಡಿಮೆಯೇ ಇದೆ” ಎನ್ನುವ ಮುನ್ನ ಒಂದು ವಿಷಯ ತಿಳಿದಿರಲಿ. ಆ ಅಳತೆಯ ಮಾನ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು, 50 ಹರ್ಟ್ಸ್‌ನ ದನಿಯನ್ನು 30 ಡೆಸಿಬೆಲ್ ಕಡಿಮೆ ಮಾಡಿಯೇ ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಸಿನಿಮಾ ಹಾಕಿಟ್ಟು ಒಮ್ಮೆ ಬೀದಿಗೆ ಬಂದು ನಿಂತು ಕೇಳಿ. ಗುಂ ಎಂದರೆ ಒಳಗೆ ಹೋಗಿ ಸಬ್‌ವೂಫರನ್ನು ಪೂರ್ತಿ ಆರಿಸಿ, ಉಳಿದದ್ದು ಇರಲಿ. ಮಾತನ್ನು ಅರ್ಥಮಾಡಿಸುವ ವ್ಯಂಜನಗಳ ದನಿ ಹೆಚ್ಚಾಗಿ 1000 ಹರ್ಟ್ಸ್‌ನ ಮೇಲೆಯೇ ಇರುವುದರಿಂದ, ಹೀರೋ ಆಡುವ ಮಾತು ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳಿಸುತ್ತದೆ.