ಸಿಪಾನಿ ಡಾಲ್ಫಿನ್: ತಪ್ಪು ಕಾರಿನದೋ, ಕಾಲದ್ದೋ?

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ರಸ್ತೆಗಿಳಿಸಿತು. ಅದರ ಮೂಲ, ಇಂಗ್ಲೆಂಡಿನ ಟ್ಯಾಮ್‌ವರ್ತ್‌ನಲ್ಲಿ ರಿಲಯಂಟ್ ಕಂಪನಿ 1975ರಿಂದ 1982ರವರೆಗೆ ತಯಾರಿಸಿದ ಕಿಟನ್. ಮೂರು ಗಾಲಿಯ ರಾಬಿನ್‌ನಿಂದ ಹೆಸರಾಗಿದ್ದ ಕಂಪನಿಯ ಈ ನಾಲ್ಕು ಗಾಲಿಯ ಕಾರನ್ನು ಅಲ್ಲಿನವರೂ ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ. ಅದಕ್ಕಿಂತ ಅಗ್ಗಕ್ಕೆ ಮಿನಿ ಸಿಗುತ್ತಿತ್ತು. ನಮ್ಮಲ್ಲಿ ಡಾಲ್ಫಿನ್ ನೆನಪಿರುವವರು ಎರಡು ಮಾತಾಡುತ್ತಾರೆ: ಅದೊಂದು ಪ್ಲಾಸ್ಟಿಕ್ ಗಾಡಿ ಅಂತ ಕೆಲವರು, ಒಳ್ಳೆಯ ಕಾರನ್ನು ಮಾರುತಿ ನುಂಗಿತು ಅಂತ ಕೆಲವರು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆಯನ್ನು ಮುಂದಿಟ್ಟುಕೊಂಡು ನೋಡಿದರೆ ಎರಡು ಮಾತೂ ಅರ್ಧರ್ಧ ನಿಜ.

ಮೊದಲು ಬಾಡಿಯ ವಿಷಯ. ಅದು ಫೈಬರ್‌ಗ್ಲಾಸ್, ಎಂದರೆ ಗಾಜಿನ ನಾರಿಗೆ ರಾಳ ಸೇರಿಸಿ ಅಚ್ಚಿನಲ್ಲಿ ಮಾಡಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ಕೆಸರಿನಲ್ಲಿ ತಗಡಿನ ಬಾಡಿ ಬಾಗಿಲ ಬುಡದಿಂದಲೇ ತುಕ್ಕು ತಿನ್ನತೊಡಗುತ್ತದೆ. ಫೈಬರ್‌ಗೆ ಆ ರೋಗವೇ ಇಲ್ಲ. ಆದರೆ ಒಳಗಿನ ಚಾಸಿ ಉಕ್ಕಿನದು, ತುಕ್ಕು ಅದನ್ನು ಬಿಡುವುದಿಲ್ಲ. ಇನ್ನು ಪೆಟ್ಟು ಬಿದ್ದರೆ? ತಗಡು ತಗ್ಗಾಗುತ್ತದೆ, ಟಿಂಕರಿಂಗ್‌ನವನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸುತ್ತಾನೆ. ಫೈಬರ್ ಬಿರಿಯುತ್ತದೆ. ಬಿರುಕಿನ ಅಂಚನ್ನು ಉಜ್ಜಿ, ಹಿಂದಿನಿಂದ ನಾರಿನ ಹಾಸು ಇಟ್ಟು, ರಾಳ ಬಳಿದು, ಗಟ್ಟಿಯಾದ ಮೇಲೆ ಮತ್ತೆ ಉಜ್ಜಬೇಕು. ಕಷ್ಟದ ಕೆಲಸವೇನಲ್ಲ. ಆದರೆ ಸುತ್ತಿಗೆ, ವೆಲ್ಡಿಂಗ್ ನಂಬಿ ಬದುಕುವ ತಾಲ್ಲೂಕಿನ ಗ್ಯಾರೇಜಿಗೆ ಅದು ಹೊಸ ವಿದ್ಯೆ.

848 ಸಿಸಿಯ ಅಲ್ಯೂಮಿನಿಯಂ ಎಂಜಿನ್ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ಕಾರು ಹಗುರ, ಅಂಬಾಸಡರ್‌ನ ಅರ್ಧದಷ್ಟೂ ತೂಕವಿಲ್ಲ. ಏಳೂವರೆ ಮೀಟರ್ ಒಳಗೇ ತಿರುಗುತ್ತದೆ. ಸಂತೆಯ ದಿನ ಬಜಾರಿನಲ್ಲಿ ಅದು ಸಣ್ಣ ಉಪಕಾರವಲ್ಲ. ಹೀಗಿದ್ದರೂ ರಾಯಚೂರು ಸೀಮೆಯ ಮೇ ತಿಂಗಳಲ್ಲಿ ರೇಡಿಯೇಟರ್ ನೀರು ಕಡಿಮೆಯಾಗಿ ಕಾವೇರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವ ಭಯ ಇದ್ದೇ ಇರುತ್ತದೆ. ಆಗ ಬೇಕಾಗುವ ಭಾಗ ಬರಬೇಕಾದದ್ದು ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನಿಂದ.

ಬಾಗಿಲು ಎರಡೇ. ಮದುವೆಗೋ ಜಾತ್ರೆಗೋ ಮನೆಮಂದಿಯೆಲ್ಲ ಹೊರಟಾಗ ಮೊಣಕಾಲು ನೋವಿನ ಅಜ್ಜಿ ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕು. ಈ ದೋಷಕ್ಕೆ ಮಾರುತಿಯನ್ನು ದೂರಿ ಫಲವಿಲ್ಲ.

ಆದರೆ 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಜೊತೆಗಿನ ಪೈಪೋಟಿ ಸಮಬಲದ್ದಾಗಿರಲಿಲ್ಲ ಎಂಬುದೂ ಸತ್ಯ. ಮಾರುತಿಯ ಬೆನ್ನಿಗೆ ಕೇಂದ್ರ ಸರ್ಕಾರವಿತ್ತು, ಜಪಾನಿನ ಸುಜುಕಿಯ ತಂತ್ರಜ್ಞಾನವಿತ್ತು. ಸಿಪಾನಿಯದು ಬಾದಲ್ ಎಂಬ ಮೂರು ಗಾಲಿಯ ಗಾಡಿಯಿಂದ ಮೇಲೆ ಬಂದ ಖಾಸಗಿ ಉದ್ಯಮ. ಒಂದೆರಡು ವರ್ಷ ಉಸಿರಾಡಲು ಬಿಟ್ಟಿದ್ದರೆ ಬಾಗಿಲಿನ ಕೊರತೆಯನ್ನು ಅದೇ ತಿದ್ದಿಕೊಳ್ಳುತ್ತಿತ್ತು. ಮುಂದೆ ಹೆಚ್ಚು ಬಾಗಿಲುಗಳ ಮೊಂಟಾನಾ ತಂದು ತೋರಿಸಿತು ಕೂಡ.

ಹಾಗಾಗಿ ಬೆಂಗಳೂರಿನವರಿಗೆ ಡಾಲ್ಫಿನ್ ಕೊಳ್ಳಿ ಎಂದು ನಾನು ಅಂದು ಧೈರ್ಯವಾಗಿ ಹೇಳುತ್ತಿದ್ದೆ. ಲಿಂಗಸುಗೂರಿನ ರೈತನಿಗೆ ಹೇಳುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಹತ್ತಿರದಲ್ಲೇ ಬಿಡಿಭಾಗ ಸಿಗುವ ಗಾಡಿ, ಮತ್ತು ಆ ಏರ್ಪಾಡು ಮಾಡುವಷ್ಟು ಬಂಡವಾಳ ಈ ಕಾರಿನ ತಯಾರಕರ ಕೈಯಲ್ಲಿರಲಿಲ್ಲ.